ದುರ್ಗದ ಓಬವ್ವ

ಮಕ್ಕಳು ಚಿತ್ರಕಥೆಯ ಪುಸ್ತಕವೊಂದನ್ನು ಕೈಗೆತ್ತಿಕೊಂಡರೆ ಮೊದಲು ಹುಡುಕುವುದು ಹೊಡೆದಾಟದ ಪುಟವನ್ನು. ಈ ಸಂಗತಿ ಹಿರಿಯರಲ್ಲಿ ಅನೇಕರಿಗೆ ಚಿಂತೆಯನ್ನುಂಟುಮಾಡಿರುವುದು. 1938ರಲ್ಲಿ ಅಮೆರಿಕದಲ್ಲಿ ಸೂಪರ್‌ಮ್ಯಾನನೂ ಅದರ ಮರುವರ್ಷವೇ ಬ್ಯಾಟ್‌ಮ್ಯಾನನೂ ಅಚ್ಚಿನ ಪುಟದಲ್ಲಿ ಅವತರಿಸಿದರು. 1964ರಲ್ಲಿ ಆರಂಭವಾದ ಇಂದ್ರಜಾಲ ಕಾಮಿಕ್ಸ್ ಫ್ಯಾಂಟಮನನ್ನು ನಮ್ಮ ದೇಶದ ಬಾಲಕರ ಕೈಗೆ ಕೊಟ್ಟಿತು. ಅಂದಿನಿಂದ ಇಂದಿನವರೆಗೆ ತಂದೆತಾಯಿಗಳ ದೂರು ಒಂದೇ: ಮಕ್ಕಳು ಕಥೆಯ ನೀತಿಯನ್ನು ಬಿಟ್ಟು ಗುದ್ದನ್ನು ಮಾತ್ರ ನೆನಪಿನಲ್ಲಿಡುತ್ತಾರೆ.

ಈ ದೂರಿಗೆ ನಾವು ದನಿಗೂಡಿಸಲಾರೆವು. ಹೊಡೆದಾಟದ ಕಥೆಯಲ್ಲಿ ರುಚಿ ಕಾಣುವುದು ಪರದೇಶದಿಂದ ಬಂದ ಚಾಳಿಯಲ್ಲ. ಭೀಮ ದುರ್ಯೋಧನರ ಗದಾಯುದ್ಧವನ್ನೇ ವಸ್ತುವಾಗಿ ಹಿಡಿದು ರನ್ನನು ಕಾವ್ಯ ಕಟ್ಟಿ ಸಾವಿರ ವರ್ಷಗಳಾದುವು. ಚಿತ್ರದುರ್ಗದ ಬೆಟ್ಟವಾದರೋ ಒಂದು ಮಲ್ಲಯುದ್ಧದ ನೆನಪಿನ ಮೇಲೆಯೇ ನಿಂತಿರುವುದು. ಭೀಮಸೇನನು ಹಿಡಿಂಬಾಸುರನನ್ನು ಕೊಂದ ಸ್ಥಳ ಇದೇ ಎಂದು ಅಲ್ಲಿಯ ಜನರ ನಂಬುಗೆ. ಬೆಟ್ಟದ ಮೇಲೆ ಹಿಡಿಂಬೇಶ್ವರನ ಗುಡಿಯುಂಟು; ರಾಕ್ಷಸನದೆಂದು ಹೇಳಲಾಗುವ ಹಲ್ಲೊಂದೂ ಆ ಗುಡಿಯಲ್ಲುಂಟು. ಆ ಹಲ್ಲನ್ನು ನೋಡಲು ಬೆಟ್ಟ ಹತ್ತಿದ ಅಜ್ಜನಿಗೂ ಚಿತ್ರಕಥೆಯ ಪುಟ ತಿರುವುವ ಮೊಮ್ಮಗನಿಗೂ ಆಸೆ ಒಂದೇ ಆಗಿರುವುದು. ಎದುರು ನಿಂತ ಕೇಡಿಗೆ ಒಂದು ಮುಖವಿರಬೇಕು, ಆ ಮುಖಕ್ಕೆ ಒಂದು ಏಟು ಬೀಳಬೇಕು, ಅದನ್ನು ತಾನು ಕಣ್ಣಾರೆ ಕಾಣಬೇಕು.

ಆದರೆ ಏಟು ಏಟಿಗೂ ವ್ಯತ್ಯಾಸವುಂಟು. ಅದನ್ನು ತಿಳಿಯಲು ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಲ್ಲಿ ಕೋಲು ಸಿಕ್ಕಿದ ಮಗುವೆಲ್ಲವೂ ಅಭಿನಯಿಸಿ ನೋಡಿರುವ ಒಂದು ಹೊಡೆದಾಟವನ್ನು, ಅಂದರೆ ಒನಕೆ ಓಬವ್ವನ ಚರಿತ್ರೆಯನ್ನು, ಇಂದು ನಮ್ಮ ವಾಚಕರ ಮುಂದಿಡಬೇಕೆಂದು ಬಯಸುವೆವು.

ಚಿತ್ರದುರ್ಗದ ನಾಯಕರ ಮನೆತನ ವಿಜಯನಗರದ ಕೊನೆಗಾಲದಲ್ಲಿ ತಲೆಯೆತ್ತಿತು. ಮೂಲಪುರುಷನಾದ ತಿಮ್ಮಣ್ಣನಾಯಕನು ಮೊದಲು ಹೊಳಲ್ಕೆರೆಯ ನಾಯಕನಾಗಿ, ಅನಂತರ ಹಿರಿಯೂರನ್ನೂ ದುರ್ಗವನ್ನೂ ಪಡೆದನು. ಆತನ ತರುವಾಯದವರು ಇನ್ನೂರು ವರ್ಷಗಳಿಗೂ ಮೇಲ್ಪಟ್ಟು ಈ ಸೀಮೆಯನ್ನಾಳಿದರು. ಹೊಸದುರ್ಗಕ್ಕೆ ಆ ಹೆಸರನ್ನು ತಂದ ಬೆಟ್ಟದ ಕೋಟೆಯೂ ಈ ವಂಶದವರು ಕಟ್ಟಿಸಿದುದೇ. ಬಂಡೆಗೆ ಬಂಡೆಯನ್ನು ಬೆಸೆದು ಅವರು ಬೆಳೆಸಿದ ಏಳು ಸುತ್ತಿನ ಕೋಟೆಗೆ 19 ಹೆಬ್ಬಾಗಿಲುಗಳು, 38 ದಿಡ್ಡಿ ಬಾಗಿಲುಗಳು ಎಂದು ಲೆಕ್ಕ ಹೇಳುವರು. ಬೆಟ್ಟದ ಮೇಲೆ ಬಿದ್ದ ಮಳೆಯ ನೀರು ಹೊಂಡದಿಂದ ಹೊಂಡಕ್ಕೆ ಇಳಿದು ನಿಲ್ಲುವಂತೆ ಮಾಡಿದ ಏರ್ಪಾಡನ್ನು ಇಂದಿನ ಎಂಜಿನಿಯರರೂ ಮೆಚ್ಚುವರು.

ಈ ವಂಶದ ಕೊನೆಯ ದೊರೆ ಮದಕರಿನಾಯಕನು 1754ರಲ್ಲಿ ಪಟ್ಟವೇರಿದಾಗ ಹನ್ನೆರಡು ವರ್ಷದ ಬಾಲಕ. ಮೈಸೂರಿನಲ್ಲಿ ಹೈದರಾಲಿಯ ಪ್ರಾಬಲ್ಯ ಬೆಳೆಯುತ್ತಿದ್ದ ಕಾಲವದು. ಬಡಗಣದಿಂದ ಮರಾಠರು, ತೆಂಕಣದಿಂದ ಹೈದರನು, ನಡುವೆ ದುರ್ಗ. ಇಬ್ಬರಿಗೂ ದುರ್ಗದ ಬೇಡರ ಪಡೆ ಬೇಕಾಗಿದ್ದಿತು. ಇಬ್ಬರಿಗೂ ಅದರ ಮೇಲೆ ಸಂಶಯವೂ ಇದ್ದಿತು. ಹೈದರನ ಸೇನೆ ದುರ್ಗವನ್ನು ಒಮ್ಮೆಯಲ್ಲ, ಹಲವು ಬಾರಿ ಮುತ್ತಿತು. ಅಂತಹ ಒಂದು ಮುತ್ತಿಗೆಯ ಕಾಲದಲ್ಲಿ ನಮ್ಮ ಕಥಾನಾಯಿಕೆ ಜನರ ಕಣ್ಣಿಗೆ ಕಾಣಿಸಿಕೊಳ್ಳುವಳು.

ಓಬವ್ವ ಅರಮನೆಯವಳಲ್ಲ, ಸರದಾರನ ಮಡದಿಯೂ ಅಲ್ಲ. ಛಲವಾದಿ ಕುಲದ ಬಡ ಹೆಂಗಸು. ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆ ಆಕೆಯ ತವರೆಂದು ಆ ಕಡೆಯವರು ಅಭಿಮಾನದಿಂದ ಹೇಳಿಕೊಳ್ಳುವರು. ಆಕೆಯ ಗಂಡ ಮುದ್ದಹನುಮನು ಕೋಟೆಯ ಒಂದು ಬತೇರಿಯ ಕಾವಲಿನವನು. ಶತ್ರು ಕಂಡಾಗ ಕಹಳೆ ಊದುವುದು ಆತನ ಕೆಲಸವಾದುದರಿಂದ ಕಹಳೆಯ ಮುದ್ದಹನುಮನೆಂದೇ ಹೆಸರು. ಕಾವಲಿನವನ ಹೆಂಡತಿಯ ದಿನಚರಿ ಎಂತಹುದೆಂಬುದನ್ನು ನಾವು ಕಲ್ಪಿಸಿಕೊಳ್ಳುವುದೇನೂ ಕಷ್ಟವಲ್ಲ. ಬೆಳಗಾಗೆದ್ದು ಕುಟ್ಟುವುದು, ಬೀಸುವುದು, ನೀರು ಹೊರುವುದು, ಪಾಳಿ ಮುಗಿಸಿ ಬಂದವನಿಗೆ ಉಣಬಡಿಸುವುದು. ನಾಯಕರ ಪಟ್ಟಾಭಿಷೇಕಗಳಿಗೆ ತೇದಿಯುಂಟು, ಅವರು ಕೊಟ್ಟ ದತ್ತಿಗಳಿಗೆ ಶಾಸನವುಂಟು. ಕಾವಲಿನವನ ಹೆಂಡತಿಯ ಚರಿತ್ರೆಯನ್ನು ಮಾತ್ರ ನಾಡಿನ ಬಾಯಿಯೇ ಕಾಪಾಡಿಕೊಂಡು ಬಂದಿರುವುದು.

ಮುದ್ದಹನುಮನ ಕಾವಲಿನ ನೆಲೆಯ ಬಳಿ ಬಂಡೆಗಳ ನಡುವೆ ಒಂದು ಸಂದಿ. ಒಬ್ಬ ಮನುಷ್ಯ ಮೈಯನ್ನು ಕುಗ್ಗಿಸಿ, ತಲೆಯನ್ನು ಮುಂದೆ ಚಾಚಿ, ತೆವಳಿಕೊಂಡು ಬರುವಷ್ಟೇ ಜಾಗ. ಅದರ ಸಮೀಪದಲ್ಲಿಯೇ ತಣ್ಣೀರು ದೋಣಿ ಎಂಬ ಸಣ್ಣ ನೀರಿನ ನೆಲೆ. ಹೆಬ್ಬಾಗಿಲುಗಳನ್ನು ಒಡೆಯಲಾರದೆ ಬೇಸತ್ತಿದ್ದ ಮುತ್ತಿಗೆಯವರು ಯಾರೋ ಒಬ್ಬರು ಈ ಸಂದಿಯಲ್ಲಿ ನುಸುಳಿದುದನ್ನು ಕಂಡು, ಆ ದಾರಿಯಲ್ಲಿ ಸಿಪಾಯಿಗಳನ್ನು ಕಳುಹಲು ನಿಶ್ಚಯಿಸಿದರಂತೆ. ಕಾವಲಿನವನು ಊಟಕ್ಕೆ ಹೋಗುವ ಹೊತ್ತು ಅವರಿಗೆ ಅನುಕೂಲವಾಯಿತು.

ಆ ಮಧ್ಯಾಹ್ನ ಮುದ್ದಹನುಮನು ಉಣ್ಣಲು ಕುಳಿತಿದ್ದನು. ಕುಡಿಯುವ ನೀರು ತರಲೆಂದು ಓಬವ್ವ ತಣ್ಣೀರು ದೋಣಿಗೆ ಬಂದಳು. ಸಂದಿಯ ಒಳಗಿನಿಂದ ಅಪರಿಚಿತ ಸದ್ದು ಕೇಳಿಬಂದಿತು. ವಿಷಯವೇನೆಂದು ತಿಳಿಯಲು ಆಕೆಗೆ ತಡವಾಗಲಿಲ್ಲ. ಗಂಡನನ್ನು ಕರೆಯಬಹುದಾಗಿತ್ತು, ಆದರೆ ಉಣ್ಣುತ್ತಿರುವವನನ್ನು ಎಬ್ಬಿಸಬಾರದೆಂಬ ಮನೆಯ ಧರ್ಮ ಒಂದು ಕಡೆ, ಆತನು ಬರುವಷ್ಟರಲ್ಲಿ ಕೆಲಸ ಕೆಟ್ಟೀತೆಂಬ ಶಂಕೆ ಇನ್ನೊಂದು ಕಡೆ. ಮನೆಯಲ್ಲಿ ಕೈಗೆ ಸಿಕ್ಕಿದುದು ಒನಕೆ. ಅದನ್ನು ಹಿಡಿದು ಸಂದಿಯ ಬಾಯಿಯ ಪಕ್ಕದಲ್ಲಿ ಮರೆಯಾಗಿ ನಿಂತಳು. ಮೊದಲ ಸಿಪಾಯಿಯ ತಲೆ ಹೊರಬಂದಿತು; ಒನಕೆ ಇಳಿಯಿತು. ಹೆಣವನ್ನು ಎಳೆದು ಪಕ್ಕಕ್ಕೆ ಹಾಕಿದಳು. ಎರಡನೆಯ ತಲೆ ಬಂದಿತು. ಒನಕೆ ಮತ್ತೆ ಇಳಿಯಿತು. ಮುಂದೆ ಹೋದವನ ಗತಿ ಏನಾಯಿತೆಂಬುದು ಹಿಂದೆ ಬರುವವನಿಗೆ ತಿಳಿಯದಂತೆ, ಒಂದು ಕೂಗೂ ಏಳದಂತೆ, ಈ ಕಾರ್ಯ ನಡೆದುಹೋಯಿತು. ಉಂಡು ಬಂದ ಮುದ್ದಹನುಮನು ಕಂಡುದು ಹೆಣಗಳ ರಾಶಿಯನ್ನು, ಅದರ ನಡುವೆ ರಕ್ತಸಿಕ್ತವಾದ ಒನಕೆಯನ್ನು ಹಿಡಿದು ನಿಂತ ತನ್ನ ಹೆಂಡತಿಯನ್ನು. ಆತನು ಕಹಳೆ ಊದಿದನು, ಪಡೆ ಕೂಡಿತು, ಅಂದಿಗೆ ದುರ್ಗ ಉಳಿಯಿತು. ಓಬವ್ವ ಮಾತ್ರ ಉಳಿಯಲಿಲ್ಲ. ಅದೇ ದಿನವೇ ಆಕೆ ಸತ್ತುಬಿದ್ದಳು. ಶತ್ರುವೊಬ್ಬನ ಕತ್ತಿಗೆ ಸಿಕ್ಕಿ ಎಂದು ಕೆಲವರು, ಕಂಡ ಘೋರದ ಆಘಾತದಿಂದ ಎಂದು ಕೆಲವರು ಹೇಳುವರು.

ಇದಿಷ್ಟೇ ಆಕೆಯ ಚರಿತ್ರೆ. ಒಂದು ಊಟದ ಹೊತ್ತಿನಷ್ಟು ಕಾಲದಲ್ಲಿ ಆರಂಭವಾಗಿ ಮುಗಿದುಹೋದ ಚರಿತ್ರೆ. ಆದರೂ ಪಟ್ಟವಾಳಿದ ಎಷ್ಟೋ ನಾಯಕರ ಹೆಸರನ್ನು ಮರೆತ ಜನ ಈ ಹೆಸರನ್ನು ಮರೆಯಲಿಲ್ಲ. ಇದರ ಕಾರಣವನ್ನು ವಿಚಾರಿಸೋಣ.

ಚಿತ್ರಕಥೆಯ ವೀರನು ಹಾರಬಲ್ಲನು, ಕಟ್ಟಡಗಳನ್ನೆತ್ತಬಲ್ಲನು. ಆತನ ಏಟಿಗೆ ಲೆಕ್ಕವಿಲ್ಲ. ಆದುದರಿಂದಲೇ ಆತನ ಗೆಲುವನ್ನು ಮಕ್ಕಳು ಬೆರಗಿನಿಂದ ನೋಡುವರೇ ಹೊರತು ತಾವೂ ಹಾಗೆ ಮಾಡಬಲ್ಲೆವೆಂದು ನಂಬಲಾರರು. ಓಬವ್ವನ ಹೊಡೆದಾಟದಲ್ಲಿ ನಂಬಲಾಗದ್ದು ಏನೂ ಇಲ್ಲ. ಸಾವಿರ ಜನರ ಸೇನೆಯನ್ನು ಆ ಸಂದಿ ಒಬ್ಬೊಬ್ಬನೇ ಮನುಷ್ಯನನ್ನಾಗಿ ಮಾಡಿಬಿಟ್ಟಿತು. ತಲೆ ಮುಂದಾಗಿ ತೆವಳಿ ಬರುವವನು ಎಂತಹ ಕಲಿಯಾದರೂ ಕತ್ತಿ ಬೀಸಲಾರನು. ಇನ್ನು ಒನಕೆ: ತುದಿಗೆ ಕಬ್ಬಿಣದ ಬಳೆ ತೊಡಿಸಿದ ಭಾರದ ಮರ. ಅದನ್ನೆತ್ತಿ ನೆಟ್ಟಗೆ, ಗುರಿ ತಪ್ಪದೆ, ಒಂದೇ ಜಾಗಕ್ಕೆ ಇಳಿಸುವುದನ್ನು ಆಕೆ ಬಾಲ್ಯದಿಂದ ದಿನದಿನವೂ ಒರಳಿನ ಮುಂದೆ ಅಭ್ಯಾಸ ಮಾಡಿದ್ದಳು. ಯಾವ ಗರಡಿಯಲ್ಲಿಯೂ ಅಷ್ಟು ಕಟ್ಟುನಿಟ್ಟಾದ ಸಾಧನೆ ದೊರೆಯದು. ಯಾರೂ ಶಕ್ತಿಯೆಂದು ಎಣಿಸದೆ ಇದ್ದ ಮನೆಗೆಲಸದ ಶಕ್ತಿ ಒಂದು ದಿನ ಕೋಟೆಯನ್ನು ಕಾಯಿತು. ಕೇಳಿದ ಪ್ರತಿಯೊಬ್ಬ ಹೆಂಗಸಿಗೂ, ಪ್ರತಿಯೊಂದು ಮಗುವಿಗೂ ಈ ಕಥೆ ಹತ್ತಿರವಾಗುವುದು ಇದರಿಂದಲೇ.

ಇನ್ನೊಂದು ಮಾತು. ಹೊಡೆತಕ್ಕಿಂತಲೂ ಕಠಿಣವಾದುದು ಹೊಡೆತಗಳ ನಡುವಣ ಕೆಲಸ. ಒಂದೊಂದು ಹೆಣವನ್ನೂ ಎಳೆಯಬೇಕು, ಉಸಿರನ್ನು ಹಿಡಿಯಬೇಕು, ಮುಂದಿನ ತಲೆಗಾಗಿ ಕಾಯಬೇಕು. ಚಿತ್ರ ಬರೆಯುವವರು ಈ ಭಾಗವನ್ನು ಬಿಟ್ಟುಬಿಡುವರು, ಅದರಲ್ಲಿ ಅಬ್ಬರವಿಲ್ಲ. ವೀರ್ಯವೆಂಬುದು ಮಾತ್ರ ಅಲ್ಲಿಯೇ ಇರುವುದು. ಮೇಲಾಗಿ ಚಿತ್ರಕಥೆಯ ವೀರನು ಮುಂದಿನ ಸಂಚಿಕೆಗೆ ಮೈ ಕೊಡವಿಕೊಂಡು ಏಳುವನು. ಓಬವ್ವನಿಗೆ ಮುಂದಿನ ಸಂಚಿಕೆಯಿಲ್ಲ. ಕೊಲ್ಲುವುದು ಕೊಲ್ಲುವ ಕೈಯನ್ನೂ ಸುಮ್ಮನೆ ಬಿಡುವುದಿಲ್ಲವೆಂಬ ಸತ್ಯವನ್ನು ನಮ್ಮ ಹಳ್ಳಿಗರು ತಮ್ಮ ಕಥೆಯಿಂದ ತೆಗೆದುಹಾಕಲಿಲ್ಲ. ಇದು ಅವರ ದೊಡ್ಡತನ.

ಆದರೆ ನಮ್ಮ ಪಟ್ಟಣಿಗರಿಗೂ ಅಧಿಕಾರಿವರ್ಗಕ್ಕೂ ಈ ಕಥೆಯಲ್ಲಿ ಬೇರೊಂದು ಪಾಠವಿರುವುದು. ಮನುಷ್ಯ ನುಸುಳಬಲ್ಲ ಸಂದಿಯ ಬಳಿ ಮುತ್ತಿಗೆಯ ಕಾಲದಲ್ಲಿ ಒಬ್ಬನೇ ಕಾವಲುಗಾರನೇಕೆ? ಆತನು ಉಣ್ಣಲು ಹೋದಾಗ ಆತನ ಸ್ಥಾನದಲ್ಲಿ ನಿಲ್ಲಲು ಮತ್ತೊಬ್ಬನನ್ನು ಏಕೆ ನೇಮಿಸಲಿಲ್ಲ? ಮುದ್ದಹನುಮನನ್ನು ದೂಷಿಸಲಾಗದು, ಹಸಿದವನು ಉಣ್ಣಲೇಬೇಕು. ಏರ್ಪಾಡು ಹರಿದ ಕಡೆಯಲ್ಲಿ ಓಬವ್ವ ತನ್ನ ಪ್ರಾಣದಿಂದ ತೇಪೆ ಹಾಕಿದಳು. ಆಡಳಿತದ ಲೋಪವನ್ನು ಬಡವರ ಸಾಹಸ ಮುಚ್ಚಿದಾಗ ಆ ಸಾಹಸವನ್ನು ಹೊಗಳಿ ಲೋಪವನ್ನು ಮರೆಯುವುದು ಎಲ್ಲ ಕಾಲದ ಸರಕಾರಗಳಿಗೂ ಅನುಕೂಲವಾದ ರೂಢಿ.

ದುರ್ಗದ ಮುಂದಿನ ಚರಿತ್ರೆ ಇದಕ್ಕೆ ಸಾಕ್ಷಿ ನುಡಿಯುವುದು. 1779ರಲ್ಲಿ ಕೋಟೆ ಹೈದರನ ವಶವಾಯಿತು. ಯಾವ ಸುತ್ತಿನ ಗೋಡೆಯೂ ಶತ್ರುವಿನ ಬಲಕ್ಕೆ ಕುಸಿದುದರಿಂದಲ್ಲ, ಒಳಗಿನವರೇ ಕೈಬಿಟ್ಟುದರಿಂದ. ಮದಕರಿನಾಯಕನು ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಹೋದನು. ಮತ್ತೆ ದುರ್ಗವನ್ನು ಕಾಣಲಿಲ್ಲ. ಸುಮಾರು 20,000 ಬೇಡರನ್ನು ಊರು ಬಿಡಿಸಿ ಅಲ್ಲಿಗೆ ಸಾಗಿಸಲಾಯಿತು. ಅವರ ಎಳೆಯ ಹುಡುಗರನ್ನು ಹೈದರನ ಸೇನೆಯ ತುಕಡಿಗಳಿಗೆ ಸೇರಿಸಲಾಯಿತು. ಸಂದಿಯಲ್ಲಿ ನುಸುಳುವ ಶತ್ರುವಿಗೆ ತಲೆಯುಂಟು, ಆ ತಲೆಗೆ ಒನಕೆಯುಂಟು. ಪಕ್ಕದಲ್ಲಿ ಕುಳಿತು ಉಣ್ಣುವವನ ಮನಸ್ಸಿನಲ್ಲಿ ನುಸುಳುವ ದ್ರೋಹಕ್ಕೆ ಯಾವ ಒನಕೆ? ಹೊಡೆದಾಟದ ಕಥೆ ನಮಗೆ ಅಷ್ಟು ಹಿತವಾಗುವುದು ಬಹುಶಃ ಇದಕ್ಕಾಗಿಯೇ. ನಿಜವಾದ ಕೇಡು ಹೀಗೆ ಎದುರಿಗೆ ಬಂದು ನಿಲ್ಲುವುದು ಅಪರೂಪ.

ಈ ಸಂದರ್ಭದಲ್ಲಿ ಒಂದು ಎಚ್ಚರಿಕೆಯನ್ನು ಹೇಳದೆ ಇರಲಾರೆವು. ಓಬವ್ವನ ಒನಕೆಯನ್ನು ಒಂದು ಮತದವರ ಮೇಲೆ ಮತ್ತೊಂದು ಮತದವರು ಎತ್ತುವ ಆಯುಧವನ್ನಾಗಿ ಮಾಡುವುದು ಆಕೆಗೆ ಮಾಡುವ ಅಪಚಾರ. ಹೈದರನ ಸೇನೆಯಲ್ಲಿ ಹಿಂದುಗಳಿದ್ದರು. ಮದಕರಿನಾಯಕನ ಚಾಕರಿಯಲ್ಲಿ ಮುಸಲ್ಮಾನರಿದ್ದರು. ಆ ಸಂದಿಯಲ್ಲಿ ತೆವಳಿ ಬಂದವರೂ ಯಾರದೋ ಮನೆಯ ಗಂಡಂದಿರು, ಹೊಟ್ಟೆಪಾಡಿಗಾಗಿ ಸಿಪಾಯಿಗಳಾದವರು. ಆಕೆ ನೋಡಿದುದು ಬಂದವನ ಮತವನ್ನಲ್ಲ, ತನ್ನ ಊರಿನ ಬಾಗಿಲನ್ನು.

ನಾಡು ಆಕೆಗೆ ತಡವಾಗಿಯಾದರೂ ಮರ್ಯಾದೆ ಸಲ್ಲಿಸಿರುವುದು. ದುರ್ಗದ ಕಥೆಗಳನ್ನು ಕನ್ನಡಿಗರ ಮನೆಮಾತು ಮಾಡಿದ ತ.ರಾ.ಸು. ಅವರ ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲರು 1972ರಲ್ಲಿ ತೆಗೆದ ನಾಗರಹಾವು ಚಲಚ್ಚಿತ್ರದಲ್ಲಿ ಜಯಂತಿಯವರು ಓಬವ್ವನ ಪಾತ್ರ ವಹಿಸಿದರು. ಕೆಲವೇ ನಿಮಿಷಗಳ ಆ ದೃಶ್ಯ ನಾಡಿನ ಮೂಲೆಮೂಲೆಗೂ ಆಕೆಯನ್ನು ಮುಟ್ಟಿಸಿತು. ಚಿತ್ರದುರ್ಗದ ಕ್ರೀಡಾಂಗಣಕ್ಕೆ ಆಕೆಯ ಹೆಸರುಂಟು. 2021ರಿಂದ ನವೆಂಬರ್ 11ರಂದು ಸರಕಾರದ ವತಿಯಿಂದ ಆಕೆಯ ಜಯಂತಿ ನಡೆಯುತ್ತಿರುವುದು. ಆ ದಿನ ಹಾರ ಹಾಕಲು ಬರುವ ಮಹನೀಯರು ತಮ್ಮ ತಮ್ಮ ಇಲಾಖೆಯಲ್ಲಿ ಕಾವಲಿಲ್ಲದ ಸಂದಿ ಯಾವುದೆಂದು ಒಂದು ಗಳಿಗೆ ಯೋಚಿಸಿದರೆ ಅದು ಹಾರಕ್ಕಿಂತ ಮಿಗಿಲಾದ ಪೂಜೆಯಾದೀತು.

ಮಕ್ಕಳ ವಿಷಯದಲ್ಲಿ ನಮ್ಮ ಅಭಿಪ್ರಾಯವಿಷ್ಟೆ. ಅವರ ಕೈಯಿಂದ ಹೊಡೆದಾಟದ ಪುಸ್ತಕವನ್ನು ಕಸಿಯುವುದು ಬೇಡ. ಬಿಡುವಾದಾಗ ಅವರನ್ನು ಬೆಟ್ಟಕ್ಕೆ ಕರೆದೊಯ್ದು ಒನಕೆಕಿಂಡಿಯಲ್ಲಿ ಒಮ್ಮೆ ನುಸುಳಿಸಬೇಕು. ಆ ಕಡೆಯಿಂದ ಈ ಕಡೆಗೆ ಬರುವಾಗ ತೆವಳಿ ಬಂದವನ ಭಯ ಅವರಿಗೆ ತಿಳಿಯುವುದು. ಈ ಕಡೆ ನಿಂತು ಕಾದಾಗ ಕಾದವಳ ಎದೆಗಾರಿಕೆ ತಿಳಿಯುವುದು. ಅನಂತರ ತಣ್ಣೀರು ದೋಣಿಯನ್ನು ತೋರಿಸಿ, ಆಕೆ ಅಲ್ಲಿಗೆ ಬಂದುದು ಯುದ್ಧಕ್ಕಲ್ಲ, ಉಣ್ಣುವವನಿಗೆ ನೀರು ತರಲು ಎಂದು ಹೇಳಬೇಕು.