ಬಾತುಮರಿಗಳಿಗೆ ಅಮ್ಮನಾದ ವಿಜ್ಞಾನಿ

ಬಾತುಮರಿ ತನ್ನ ಅಮ್ಮನನ್ನು ಹೇಗೆ ಗುರುತು ಹಿಡಿಯುತ್ತೆ? ಕಣ್ಣಿಂದಲೋ, ಕಿವಿಯಿಂದಲೋ? ಇದನ್ನು ತಿಳಿಯಲು ಕುಕ್ಕರುಗಾಲಲ್ಲಿ ಹುಲ್ಲೆಲ್ಲಾ ಸುತ್ತಿದ ವಿಜ್ಞಾನಿ ಕೊನ್ರಾಡ್ ಲೊರೆಂಜ್.

ಇವರು 1903ನೇ ಇಸವಿ ನವೆಂಬರ್ 7ರಂದು ಆಸ್ಟ್ರಿಯಾ ದೇಶದ ವಿಯೆನ್ನಾದಲ್ಲಿ ಜನಿಸಿದರು. ತಂದೆ ಹೆಸರಾಂತ ಮೂಳೆ ಡಾಕ್ಟರು. ಚಿಕ್ಕವರಿದ್ದಾಗ ಪಕ್ಕದ ಮನೆಯವರಿಂದ ಒಂದು ದಿನದ ಬಾತುಮರಿ ಸಿಕ್ಕಿತು. ಅದು ಸದಾ ಇವರ ಹಿಂದೆಯೇ ಬರ್ತಿತ್ತು. ತಂದೆಯ ಆಸೆಯಂತೆ ವೈದ್ಯಕೀಯ ಓದಿದರೂ ಮನಸ್ಸೆಲ್ಲಾ ಪ್ರಾಣಿ ಪಕ್ಷಿಗಳ ಮೇಲೆ. 1933ರಲ್ಲಿ ಪ್ರಾಣಿಶಾಸ್ತ್ರದಲ್ಲೂ ಡಾಕ್ಟರೇಟ್ ಪಡೆದರು.

ಹೆಬ್ಬಾತಿನ ಮರಿ ಮೊಟ್ಟೆ ಒಡೆದು ಬಂದ ಕೂಡಲೇ ಮೊದಲು ಕಂಡವರನ್ನೇ ಅಮ್ಮ ಅಂದುಕೊಳ್ಳುತ್ತೆ. ಆದರೆ ಕಾಡುಬಾತಿನ ಮರಿಗಳು ಲೊರೆಂಜರನ್ನು ಕಂಡರೆ ಓಡಿಹೋಗ್ತಿದ್ದವು. ಮಸ್ಕೋವಿ ಅನ್ನೋ ಬೇರೆ ಜಾತಿಯ ಬಾತು ಕಾವು ಕೊಟ್ಟು ಮರಿ ಮಾಡಿದರೂ ಅದರ ಹತ್ತಿರ ನಿಲ್ಲಲಿಲ್ಲ. ಸಾಕಿದ ಬಿಳಿ ಬಾತು ಮರಿ ಮಾಡಿದಾಗ ಮಾತ್ರ ಅದರ ಹಿಂದೆಯೇ ಹೋದವು. ನೋಡೋಕೆ ಬಿಳಿ ಬಾತಿಗೂ ಕಾಡುಬಾತಿಗೂ ಹೋಲಿಕೆ ಇಲ್ಲ. ಒಂದೇ ಆಗಿದ್ದದ್ದು ಕೂಗು!

ಪರೀಕ್ಷೆ ಮಾಡಲು ಲೊರೆಂಜರು ತಾವೇ ತಾಯಿಬಾತಿನಂತೆ ಕ್ವ್ಯಾಕ್ ಕ್ವ್ಯಾಕ್ ಎಂದು ಕೂಗಿದರು. ಮರಿಗಳು ಹಿಂದೆ ಬಂದವು! ಆದರೆ ಎದ್ದು ನಿಂತರೂ ಅಳು, ಅರ್ಧ ನಿಮಿಷ ಕೂಗು ನಿಲ್ಲಿಸಿದರೂ ಅಳು. ಅದಕ್ಕೇ ಕುಕ್ಕರುಗಾಲಲ್ಲೇ ಕೂಗುತ್ತಾ ನಡೆದರು. ಬೇಲಿಯಾಚೆ ನಿಂತ ಜನ ಬಾಯಿ ಬಿಟ್ಟು ನೋಡಿದರು. ಮರಿಗಳು ಉದ್ದ ಹುಲ್ಲಿನಲ್ಲಿ ಮುಚ್ಚಿಹೋಗಿದ್ದವು. ಅವರಿಗೆ ಕಂಡದ್ದು ಗಡ್ಡದ ದೊಡ್ಡ ಮನುಷ್ಯ ಬಾತಿನಂತೆ ಕೂಗೋದು ಮಾತ್ರ!

1938ರಲ್ಲಿ ಇವರು ಹಿಟ್ಲರನ ನಾಜಿ ಪಕ್ಷ ಸೇರಿದರು. ಪ್ರಾಣಿಗಳನ್ನು ಅಷ್ಟು ಪ್ರೀತಿಸಿದವರು ಹೀಗೆ ಮಾಡಿದ್ದು ದೊಡ್ಡ ತಪ್ಪು. ಮಹಾಯುದ್ಧದಲ್ಲಿ ರಷ್ಯಾದವರಿಗೆ ಸೆರೆಸಿಕ್ಕು, 1948ರಲ್ಲಿ ಊರಿಗೆ ಮರಳಿದರು. 1973ರಲ್ಲಿ ಕಾರ್ಲ್ ಫಾನ್ ಫ್ರಿಶ್ ಮತ್ತು ನಿಕೋ ಟಿನ್‌ಬರ್ಗನ್ ಜೊತೆ ನೊಬೆಲ್ ಬಹುಮಾನ ಬಂತು. 1989ರ ಫೆಬ್ರವರಿ 27ರಂದು ತೀರಿಕೊಂಡರು.

ಮುಂದೆ ಬೇರೆ ವಿಜ್ಞಾನಿಗಳು ಇನ್ನೊಂದು ವಿಷಯ ಕಂಡುಹಿಡಿದರು. ಕಾಡುಬಾತಿನ ಮರಿ ಮೊಟ್ಟೆಯೊಳಗಿಂದಲೇ ಕಿವಿಗೊಟ್ಟು ಕೇಳುತ್ತೆ. ಅಲ್ಲಿ ತನ್ನ ಮತ್ತು ಒಡಹುಟ್ಟಿದವುಗಳ ದನಿ ಕೇಳದಿದ್ದರೆ, ಹುಟ್ಟಿದ ಮೇಲೆ ಅಮ್ಮನ ಕೂಗು ಯಾವುದು, ಕೋಳಿಯ ಕೂಗು ಯಾವುದು ಎಂದು ಗೊತ್ತಾಗದೆ ತಬ್ಬಿಬ್ಬಾಗುತ್ತೆ.

ನಮ್ಮ ಕೋಳಿಗಳೂ ಕಾಳು ಸಿಕ್ಕಾಗ ಒಂಥರಾ, ಹದ್ದು ಬಂದಾಗ ಇನ್ನೊಂಥರಾ ಕೂಗುತ್ತವೆ. ಮರಿಗಳು ಯಾವ ಕೂಗಿಗೆ ಏನು ಮಾಡುತ್ತವೆ? ನಾಳೆ ನೀವೂ ಹಿತ್ತಲಲ್ಲಿ ಕೂತು ಕೇಳಿ ನೋಡಿ. ಯಾರು ನಕ್ಕರೂ ನಗಲಿ!