ಅಝ್ಝಹ್ರಾವಿ: ಹೆರಿಗೆಯ ಉಪಕರಣಗಳಿಗೆ ಎಚ್ಚರ ಕಲಿಸಿದ ವೈದ್ಯ

ಹೆರಿಗೆ ಕಷ್ಟವಾದಾಗ ತಾಯಿಯನ್ನು ಉಳಿಸಲೆಂದು ಕೈಗೆತ್ತಿಕೊಂಡ ಉಪಕರಣವೇ ಅವಳ ಪ್ರಾಣಕ್ಕೆ ಎರವಾಗಬಹುದು. ಕೊಕ್ಕೆಯ ಮೊನೆ ಸ್ವಲ್ಪ ಜಾರಿದರೂ ಗರ್ಭಕೋಶ ಹರಿದುಹೋಗುತ್ತದೆ. ಈ ಅಪಾಯವನ್ನು ಸಾವಿರ ವರ್ಷಗಳ ಹಿಂದೆಯೇ ಮನಗಂಡು, ಉಪಕರಣವನ್ನೂ ಅದನ್ನು ಹಿಡಿಯುವ ಕೈಯನ್ನೂ ತಿದ್ದಲು ಶ್ರಮಿಸಿದವರು ಸ್ಪೇನಿನ ಮುಸ್ಲಿಮ್ ಶಸ್ತ್ರವೈದ್ಯ ಅಬುಲ್ ಕಾಸಿಮ್ ಅಝ್ಝಹ್ರಾವಿ. ಯುರೋಪಿನವರು ಅವರನ್ನು ಅಲ್ಬುಕಾಸಿಸ್ ಎಂದು ಕರೆದರು.

ಅವರು ಜನಿಸಿದ್ದು ಕ್ರಿ.ಶ. 936ರ ಸುಮಾರಿಗೆ. ಕಾರ್ಡೋಬಾದ ಬಳಿ ಖಲೀಫ ಮೂರನೇ ಅಬ್ದುರ್ರಹ್ಮಾನ್ ಕಟ್ಟಿಸಿದ ಮದೀನತುಝ್ಝಹ್ರಾ ನಗರದಿಂದ ಅವರಿಗೆ ಆ ಹೆಸರು ಬಂತು. 1010ರ ಸುಮಾರಿಗೆ ಅಂತಃಕಲಹದಲ್ಲಿ ಆ ನಗರ ಹಾಳಾಯಿತು. 1013ರ ಸುಮಾರಿಗೆ ಅವರೂ ಇಹಲೋಕ ತ್ಯಜಿಸಿದರು. ಅವರ ಮನೆ, ಕುಟುಂಬಗಳ ವಿವರ ನಮಗೆ ಉಳಿದಿಲ್ಲ. ಉಳಿದಿರುವುದು ಅವರು ಬರೆದ ‘ಅತ್ತಸ್ರೀಫ್’ ಎಂಬ 30 ಭಾಗಗಳ ಮಹಾಗ್ರಂಥ. ಕೊನೆಯ ಭಾಗ ಶಸ್ತ್ರಚಿಕಿತ್ಸೆಗೆ ಮೀಸಲು. ಅದರಲ್ಲಿ ಸುಮಾರು 200 ಉಪಕರಣಗಳ ಚಿತ್ರಗಳಿವೆ.

ಅಂಗರಚನೆಯನ್ನು ಅರಿಯದೆ ಕತ್ತಿ ಹಿಡಿಯುವವರನ್ನು ಕಂಡು ಅವರು ಬಹಳ ನೊಂದಿದ್ದರು. ಒಬ್ಬ ವೈದ್ಯ ಮಹಿಳೆಯೊಬ್ಬಳ ಕತ್ತಿನ ಗಡ್ಡೆಯನ್ನು ಕೊಯ್ಯಲು ಹೋಗಿ ರಕ್ತನಾಳವನ್ನೇ ಕತ್ತರಿಸಿ, ಅವಳು ಸತ್ತ ಪ್ರಸಂಗವನ್ನು ಅವರು ದಾಖಲಿಸಿದ್ದಾರೆ. ಧನದಾಸೆಯಿಂದ ಅಪಾಯದ ಚಿಕಿತ್ಸೆಗೆ ಕೈ ಹಾಕಬಾರದೆಂಬುದು ಶಿಷ್ಯರಿಗೆ ಅವರಿತ್ತ ಎಚ್ಚರಿಕೆ.

ಹೆರಿಗೆಯ ವಿಷಯದಲ್ಲಿ ಅವರು ಮೊದಲು ನೆನೆದದ್ದು ಸೂಲಗಿತ್ತಿಯರನ್ನು. ಶಿಶು ಅಡ್ಡವಾಗಿ ಅಥವಾ ಕಾಲು ಮುಂದಾಗಿ ಬಂದಾಗ ಏನು ಮಾಡಬೇಕೆಂದು ಅವರಿಗೆ ಕಲಿಸಲು ಒಂದು ಅಧ್ಯಾಯವನ್ನೇ ಬರೆದರು. ಮೊದಲ ಸಾಧನ ಎಣ್ಣೆ ಹಚ್ಚಿದ ಕೈ. ಕಬ್ಬಿಣದ ಸರದಿ ಅದರ ನಂತರ. ಒಳಗೆ ಸತ್ತ ಶಿಶುವನ್ನು ಕೊಕ್ಕೆಯಿಂದ ತೆಗೆಯುವ ಮುನ್ನ ತಾಯಿಗೆ ಅದನ್ನು ತಾಳುವ ಶಕ್ತಿ ಇದೆಯೇ ಎಂದು ನೋಡಬೇಕು. ಕೊಕ್ಕೆಯ ಬಾಗನ್ನು ಬೆರಳುಗಳ ನಡುವೆ ಮರೆಮಾಡಿಕೊಂಡೇ ಮೆಲ್ಲನೆ ಒಳಗೆ ಒಯ್ಯಬೇಕು. ದಾರಿಯನ್ನು ಅಗಲಿಸುವ ಉಪಕರಣವನ್ನು ನುಣುಪಾದ ಮರದಿಂದ ಮಾಡಿಸಿ ಅದಕ್ಕೆ ತಿರುಪನ್ನು ಇಡಿಸಿದರು. ತಿರುಪು ತಿರುಗಿಸಿದಷ್ಟೇ ಅದು ತೆರೆಯುತ್ತದೆ. ಇಲ್ಲಿ ಬಲಕ್ಕಿಂತ ಅಳತೆಗೆ ಬೆಲೆ.

ಜೀವಂತ ಶಿಶುವನ್ನು ಹೊರತರುವ ಇಕ್ಕಳವನ್ನೂ ಅವರೇ ಕಂಡುಹಿಡಿದರೆಂದು ಕೆಲವರು ಅಭಿಮಾನದಿಂದ ಹೇಳುವುದುಂಟು. ಅದು ಸರಿಯಲ್ಲ. ಅವರು ಚಿತ್ರಿಸಿದ ಹಲ್ಲುಗಳುಳ್ಳ ಇಕ್ಕಳಗಳು ಸತ್ತ ಶಿಶುವಿಗಾಗಿಯೇ ಇದ್ದವು. ಗ್ರೀಕ್ ವೈದ್ಯರಿಂದಲೂ ಅವರು ಸಾಕಷ್ಟು ಕಲಿತಿದ್ದರು. ಇಲ್ಲದ ಹಿರಿಮೆಯನ್ನು ಹೊರಿಸುವುದು ಅವರಿಗೆ ಗೌರವವಲ್ಲ. ಅವರ ನಿಜವಾದ ಹಿರಿಮೆ ಬೇರೆಯೇ ಇದೆ. ತಾವು ಅರಿತದ್ದನ್ನೆಲ್ಲ ಅವರು ಚಿತ್ರ ಬಿಡಿಸಿ ಎಲ್ಲರ ಮುಂದಿಟ್ಟರು.

ಇದರ ಬೆಲೆ ತಿಳಿಯಬೇಕಾದರೆ ಮುಂದಿನ ಇತಿಹಾಸವನ್ನು ನೋಡಬೇಕು. ಜೀವಂತ ಶಿಶುವನ್ನು ಹಿಡಿದು ತರುವ ಇಕ್ಕಳ ಇಂಗ್ಲೆಂಡಿನಲ್ಲಿ ಚೇಂಬರ್ಲಿನ್ ಎಂಬ ವೈದ್ಯ ಕುಟುಂಬದ ಕೈಯಲ್ಲಿತ್ತು. ಲಾಭಕ್ಕಾಗಿ ಅವರು ಅದನ್ನು ನೂರು ವರ್ಷಕ್ಕೂ ಹೆಚ್ಚು ಕಾಲ ಗುಟ್ಟಾಗಿಟ್ಟರು. ಆ ಅವಧಿಯಲ್ಲಿ ಅದು ಸಿಗದೆ ಎಷ್ಟು ತಾಯಂದಿರು, ಶಿಶುಗಳು ಸತ್ತರೋ ಅಲ್ಲಾಹನೇ ಬಲ್ಲ. ಹದಿನೆಂಟನೇ ಶತಮಾನದಲ್ಲಿ ಗುಟ್ಟು ಬಯಲಾದ ಮೇಲೆಯೇ ವಿಲಿಯಂ ಸ್ಮೆಲ್ಲಿಯಂತಹ ವೈದ್ಯರು ಅದನ್ನು ಸುಧಾರಿಸಿ, ಬಳಕೆಗೆ ನಿಯಮಗಳನ್ನು ರೂಪಿಸಿ, 1752ರಲ್ಲಿ ಗ್ರಂಥವಾಗಿ ಪ್ರಕಟಿಸಿದರು. ಹತ್ತು ಮಂದಿ ನೋಡಿ ಪರೀಕ್ಷಿಸಿದಾಗಲೇ ಉಪಕರಣದ ದೋಷ ಕಾಣುತ್ತದೆ. ಪೆಟ್ಟಿಗೆಯೊಳಗೆ ಬೀಗ ಹಾಕಿಟ್ಟದ್ದನ್ನು ಯಾರು ತಿದ್ದಬಲ್ಲರು?

ಅಝ್ಝಹ್ರಾವಿಯವರ ಶಸ್ತ್ರಚಿಕಿತ್ಸಾ ಭಾಗವನ್ನು ಹನ್ನೆರಡನೇ ಶತಮಾನದಲ್ಲಿ ಕ್ರೆಮೋನಾದ ಗೆರಾರ್ಡ್ ಲ್ಯಾಟಿನ್ ಭಾಷೆಗೆ ತಂದರು. 1497ರಲ್ಲಿ ಅದು ವೆನಿಸ್‌ನಲ್ಲಿ ಅಚ್ಚಾಯಿತು. ಧರ್ಮ, ಭಾಷೆಗಳ ಗಡಿ ದಾಟಿ ಅದು ಶತಮಾನಗಳ ಕಾಲ ವೈದ್ಯರನ್ನು ತಿದ್ದಿತು.

ವಿದ್ಯೆ ಒಂದು ಅಮಾನತ್ತು. ಅದನ್ನು ಬಚ್ಚಿಟ್ಟವನು ಇನ್ನೊಬ್ಬರ ಹಕ್ಕನ್ನು ಬಚ್ಚಿಟ್ಟಂತೆ. ನಮ್ಮ ಕೈಗೆ ಬಂದ ಅರಿವು, ಅದು ಎಷ್ಟೇ ಸಣ್ಣದಿರಲಿ, ಇನ್ನೊಬ್ಬರ ಜೀವಕ್ಕೆ ಆಸರೆಯಾಗುವುದಾದರೆ ಅದನ್ನು ತಲುಪಿಸುವ ಹೊಣೆ ನಮ್ಮದು. ಆ ಹೊಣೆಯನ್ನು ನಿರ್ವಹಿಸುವ ಸೌಭಾಗ್ಯವನ್ನು ಅಲ್ಲಾಹನು ನಮಗೆ ಕರುಣಿಸಲಿ.