ಕ್ರೇಗ್ ಕ್ಲೈಬೋರ್ನ್

ಕ್ರೇಗ್ ಕ್ಲೈಬೋರ್ನ್ (ಸೆಪ್ಟೆಂಬರ್ 4, 1920 – ಜನವರಿ 22, 2000) ಅಮೆರಿಕದ ಪತ್ರಕರ್ತರು, ಪಾಕಶಾಸ್ತ್ರ ಲೇಖಕರು ಹಾಗೂ ರೆಸ್ಟೋರೆಂಟ್ ವಿಮರ್ಶಕರು. 1957ರಲ್ಲಿ ದಿ ನ್ಯೂಯಾರ್ಕ್ ಟೈಮ್ಸ್ ದಿನಪತ್ರಿಕೆಯ ಆಹಾರ ಸಂಪಾದಕರಾದ ಇವರು ಆ ಹುದ್ದೆಗೆ ಬಂದ ಮೊದಲ ಪುರುಷರು. ವಿಮರ್ಶಕನು ತನ್ನ ಗುರುತು ಹೇಳದೆ ಊಟಕ್ಕೆ ಹೋಗಬೇಕು, ಊಟದ ಹಣವನ್ನು ಪತ್ರಿಕೆಯೇ ಕೊಡಬೇಕು, ಒಂದೇ ಸಲದ ಊಟವನ್ನು ನಂಬಿ ತೀರ್ಪು ಬರೆಯಬಾರದು ಎಂಬ ಕಟ್ಟುಪಾಡುಗಳು ದಿನಪತ್ರಿಕೆಗಳಲ್ಲಿ ನೆಲೆಗೊಳ್ಳಲು ಇವರೇ ಮುಖ್ಯ ಕಾರಣರು. ಆ ಪತ್ರಿಕೆಯಲ್ಲಿ ರೆಸ್ಟೋರೆಂಟುಗಳಿಗೆ ನಕ್ಷತ್ರಗಳನ್ನು ಕೊಡುವ ಪದ್ಧತಿಯೂ ಇವರ ಕಾಲದಲ್ಲೇ ಆರಂಭವಾಯಿತು.

ಬಾಲ್ಯ ಮತ್ತು ಶಿಕ್ಷಣ

ಕ್ಲೈಬೋರ್ನ್ ಅವರು ಅಮೆರಿಕದ ದಕ್ಷಿಣ ಭಾಗದ ಮಿಸಿಸಿಪ್ಪಿ ರಾಜ್ಯದಲ್ಲಿರುವ ಸನ್‌ಫ್ಲವರ್ ಎಂಬ ಸಣ್ಣ ಊರಿನಲ್ಲಿ ಜನಿಸಿದರು. ತಂದೆಯವರು ಆಸ್ತಿ ಕಳೆದುಕೊಂಡ ಬಳಿಕ ಕುಟುಂಬವು ಸಮೀಪದ ಇಂಡಿಯನೋಲಾ ಪಟ್ಟಣಕ್ಕೆ ಬಂದು ನೆಲೆಸಿತು. ಅಲ್ಲಿ ತಾಯಿ ಕ್ಯಾಥ್ಲೀನ್ ಅವರು ಬಾಡಿಗೆದಾರರಿಗೆ ಊಟ, ವಸತಿ ಒದಗಿಸುವ ಮನೆಯೊಂದನ್ನು ನಡೆಸಿ ಸಂಸಾರ ಸಾಗಿಸಿದರು. ಆ ಮನೆಯ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಿದ್ದವರು ಕಪ್ಪು ಜನಾಂಗದವರು. ವರ್ಣಭೇದವು ಕಾನೂನಿನ ಬಲದಿಂದಲೇ ನಡೆಯುತ್ತಿದ್ದ ಆ ದಿನಗಳಲ್ಲಿ, ಬಾಲಕ ಕ್ರೇಗ್ ದಕ್ಷಿಣದ ಅಡುಗೆಯ ರುಚಿಯನ್ನು ಅರಿತದ್ದು ಅವರ ಕೈಯಿಂದಲೇ. ಆಟೋಟಗಳಲ್ಲಿ ಆಸಕ್ತಿಯಿಲ್ಲದ ಅವರು ಶಾಲೆಯಲ್ಲಿ ಒಂಟಿಯಾಗಿದ್ದರು.

ವೈದ್ಯಕೀಯ ವ್ಯಾಸಂಗಕ್ಕೆ ಸಿದ್ಧತೆ ನಡೆಸಿ, ಅದು ಹಿಡಿಸದೆ, ಮಿಸೌರಿ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಪದವಿ ಪಡೆದರು. ಎರಡನೆಯ ಮಹಾಯುದ್ಧದ ಕಾಲದಲ್ಲಿಯೂ ಮುಂದೆ ಕೊರಿಯಾ ಯುದ್ಧದ ಕಾಲದಲ್ಲಿಯೂ ನೌಕಾಪಡೆಯಲ್ಲಿ ಸೇವೆ ಸಲ್ಲಿಸಿದರು. ನಡುವೆ ಕೆಲಕಾಲ ಷಿಕಾಗೋದಲ್ಲಿ ಪ್ರಚಾರ ವಿಭಾಗದ ಕೆಲಸದಲ್ಲಿದ್ದರು. ನಿವೃತ್ತ ಯೋಧರಿಗೆ ಸರ್ಕಾರ ನೀಡುತ್ತಿದ್ದ ಶಿಕ್ಷಣ ನೆರವನ್ನು ಬಳಸಿಕೊಂಡು ಸ್ವಿಟ್ಜರ್ಲೆಂಡಿನ ಲೌಸಾನ್ ನಗರದ ಪ್ರಸಿದ್ಧ ಹೋಟೆಲ್ ಶಾಲೆಗೆ ಸೇರಿದ್ದು ಅವರ ಬದುಕಿನ ತಿರುವು. ಫ್ರೆಂಚ್ ಅಡುಗೆಯನ್ನೂ ಬಡಿಸುವ ವಿಧಾನವನ್ನೂ ಅಲ್ಲಿ ಕ್ರಮವಾಗಿ ಕಲಿತರು. ಬರೆಯಬಲ್ಲವರು ಅಡುಗೆ ಬಲ್ಲವರಾಗಿರುವುದು ಆಗ ಅಪರೂಪವಾಗಿತ್ತು.

ದಿನಪತ್ರಿಕೆಗೆ ಪ್ರವೇಶ

ನ್ಯೂಯಾರ್ಕಿಗೆ ಬಂದ ಕ್ಲೈಬೋರ್ನ್ ಗೌರ್ಮೆ ಮಾಸಪತ್ರಿಕೆಯಲ್ಲಿ ಸ್ವಾಗತಕಾರರಾಗಿ ಸೇರಿ, ಬಳಿಕ ಸಂಪಾದಕೀಯ ಬಳಗಕ್ಕೆ ಬಂದರು. ಟೈಮ್ಸ್ ಪತ್ರಿಕೆಯ ಆಹಾರ ಸಂಪಾದಕಿ ಜೇನ್ ನಿಕರ್ಸನ್ ಹುದ್ದೆ ತೊರೆದಾಗ, 1957ರಲ್ಲಿ ಆ ಸ್ಥಾನ ಅವರಿಗೆ ದೊರೆಯಿತು.

ಆ ಕಾಲದ ಅಮೆರಿಕದ ದಿನಪತ್ರಿಕೆಗಳಲ್ಲಿ ಆಹಾರವೆಂದರೆ ಮಹಿಳೆಯರ ಪುಟದ ವಿಷಯ. ಗೃಹಿಣಿಯರಿಗಾಗಿ ಅಡುಗೆ ವಿಧಾನಗಳನ್ನು ಅಚ್ಚು ಹಾಕುವುದು ಆ ಪುಟದ ಮುಖ್ಯ ಕೆಲಸ. ನಿಕರ್ಸನ್ ಅವರಾಗಲಿ, ಹೆರಾಲ್ಡ್ ಟ್ರಿಬ್ಯೂನ್ ಪತ್ರಿಕೆಯ ಕ್ಲೆಮೆಂಟೈನ್ ಪ್ಯಾಡಲ್‌ಫರ್ಡ್ ಅವರಾಗಲಿ ಸಮರ್ಥ ವರದಿಗಾರ್ತಿಯರೇ ಆಗಿದ್ದರು. ಕ್ಲೈಬೋರ್ನರಿಂದಲೇ ಎಲ್ಲವೂ ಶುರುವಾಯಿತೆಂಬ ರೂಢಿಯ ಮಾತು ಅವರಿಗೆ ನ್ಯಾಯ ಒದಗಿಸುವುದಿಲ್ಲ. ಆದರೆ ರೆಸ್ಟೋರೆಂಟುಗಳ ಕುರಿತ ಬರಹವು ಸಾಮಾನ್ಯವಾಗಿ ಹೊಗಳಿಕೆಯನ್ನೋ ಜಾಹೀರಾತಿನ ಋಣವನ್ನೋ ದಾಟುತ್ತಿರಲಿಲ್ಲ. ನಾಟಕಕ್ಕೆ, ಸಂಗೀತಕ್ಕೆ, ಪುಸ್ತಕಕ್ಕೆ ಇದ್ದಂತಹ ನಿಷ್ಠುರ ವಿಮರ್ಶೆ ಊಟಕ್ಕೆ ಇರಲಿಲ್ಲ.

1959ರಲ್ಲಿ ಕ್ಲೈಬೋರ್ನ್ ಅವರು ಅಮೆರಿಕದ ರೆಸ್ಟೋರೆಂಟುಗಳಲ್ಲಿ ಉತ್ತಮ ಪಾಕಕಲೆ ಕ್ಷೀಣಿಸುತ್ತಿದೆ ಎಂದು ಬರೆದ ದೀರ್ಘ ಲೇಖನವು ಪತ್ರಿಕೆಯ ಮುಖಪುಟದಲ್ಲಿ ಪ್ರಕಟವಾಯಿತು. ಆ ಲೇಖನದ ಸಿದ್ಧತೆಯಲ್ಲಿದ್ದಾಗ ಪರಿಚಯವಾದವರು ಲ ಪವಿಲ್ಲೋ ರೆಸ್ಟೋರೆಂಟಿನ ಬಾಣಸಿಗ ಪಿಯೆರ್ ಫ್ರಾನೆ. ಮುಂದಿನ ಹಲವು ದಶಕಗಳ ಕಾಲ ಫ್ರಾನೆ ಅಡುಗೆ ಮಾಡುವುದು, ಕ್ಲೈಬೋರ್ನ್ ಪಕ್ಕದಲ್ಲಿ ಕುಳಿತು ಬೆರಳಚ್ಚು ಯಂತ್ರದಲ್ಲಿ ಅದನ್ನು ದಾಖಲಿಸುವುದು ನಡೆಯಿತು. ಮೊದಲ ವರ್ಷಗಳಲ್ಲಿ ಈ ಶ್ರಮಕ್ಕೆ ಫ್ರಾನೆಯವರ ಹೆಸರು ಅಚ್ಚಾಗುತ್ತಿರಲಿಲ್ಲ.

1961ರಲ್ಲಿ ಪ್ರಕಟವಾದ ದಿ ನ್ಯೂಯಾರ್ಕ್ ಟೈಮ್ಸ್ ಕುಕ್‌ಬುಕ್ ಲಕ್ಷಾಂತರ ಪ್ರತಿಗಳು ಮಾರಾಟವಾಗಿ ಅವರನ್ನು ಮನೆಮಾತಾಗಿಸಿತು.

ವಿಮರ್ಶೆಯ ಕಟ್ಟುಪಾಡುಗಳು

1960ರ ದಶಕದ ಆರಂಭದಲ್ಲಿ ಕ್ಲೈಬೋರ್ನ್ ಅವರ ರೆಸ್ಟೋರೆಂಟ್ ವಿಮರ್ಶೆಯು ಪತ್ರಿಕೆಯ ನಿಯತ ಅಂಕಣವಾಯಿತು. ಬೇರೆ ಹೆಸರಿನಲ್ಲಿ ಮೇಜು ಕಾಯ್ದಿರಿಸುವುದು, ಹೆಚ್ಚು ಬಗೆಗಳ ರುಚಿ ನೋಡಲು ಸ್ನೇಹಿತರನ್ನು ಕರೆದೊಯ್ಯುವುದು, ಮತ್ತೆ ಮತ್ತೆ ಹೋಗಿ ನೋಡುವುದು, ಪತ್ರಿಕೆಯ ಹಣದಿಂದಲೇ ಬಿಲ್ ಪಾವತಿಸುವುದು ಇವು ಅವರ ಕ್ರಮಗಳು. ಇವುಗಳಲ್ಲಿ ಕೊನೆಯದೇ ಉಳಿದೆಲ್ಲಕ್ಕೂ ಆಧಾರವೆನ್ನಬಹುದು. ಮಾಲೀಕನ ಆತಿಥ್ಯ ಪಡೆದವನು ಸಾರು ಸಪ್ಪೆಯೆಂದು ಬರೆಯುವುದು ಕಷ್ಟ. ಜಾಹೀರಾತು ಕೊಡುವ ರೆಸ್ಟೋರೆಂಟನ್ನೂ ಟೀಕಿಸಬಲ್ಲ ಪತ್ರಿಕೆಗೆ ಅಷ್ಟು ಖರ್ಚನ್ನು ತಾಳುವ ಶಕ್ತಿಯೂ ಬೇಕಿತ್ತು. ಸಣ್ಣ ಪತ್ರಿಕೆಗಳಿಗೆ ಈ ಕ್ರಮ ಎಂದೂ ಸುಲಭವಾಗಿರಲಿಲ್ಲ.

ನಕ್ಷತ್ರಗಳ ಶ್ರೇಣಿ ಅವರ ಸ್ವಂತ ಕಲ್ಪನೆಯಲ್ಲ. ಫ್ರಾನ್ಸಿನ ಮಿಷೆಲಿನ್ ಕೈಪಿಡಿ 1926ರಿಂದಲೇ ನಕ್ಷತ್ರ ನೀಡುತ್ತಿತ್ತು. ಅಮೆರಿಕದಲ್ಲಿ ಡಂಕನ್ ಹೈನ್ಸ್ ಅವರು 1930ರ ದಶಕದಲ್ಲಿ ಪ್ರಯಾಣಿಕರಿಗಾಗಿ ಊಟದ ಮನೆಗಳ ಕೈಪಿಡಿ ಹೊರತಂದಿದ್ದರು. ಆದರೆ ದಿನಪತ್ರಿಕೆಯ ಓದುಗನಿಗೆ ಇದು ಹೊಸದು. ನಗರದಲ್ಲಿ ಒಂದು ವಿಮರ್ಶೆಯಿಂದ ಮೇಜುಗಳು ತುಂಬತೊಡಗಿದವು, ಖಾಲಿಯಾಗತೊಡಗಿದವು. ಎಷ್ಟೋ ಜನರ ಉದ್ಯೋಗ ಒಬ್ಬ ವ್ಯಕ್ತಿಯ ನಾಲಗೆಯನ್ನು ಅವಲಂಬಿಸುವುದು ಸರಿಯೇ ಎಂಬ ಪ್ರಶ್ನೆ ಆಗಲೇ ಹುಟ್ಟಿತು. ಸ್ವತಃ ಕ್ಲೈಬೋರ್ನ್ ಅವರಿಗೂ ಈ ಕೆಲಸ ಭಾರವಾಗುತ್ತಾ ಹೋಯಿತು.

ಇತರ ದೇಶಗಳ ಅಡುಗೆಗೆ ಪ್ರೋತ್ಸಾಹ

ಫ್ರೆಂಚ್ ಅಡುಗೆಯೇ ಕ್ಲೈಬೋರ್ನ್ ಅವರ ಅಳತೆಗೋಲಾಗಿದ್ದರೂ ಇತರ ದೇಶಗಳ ಅಡುಗೆಯನ್ನು ಅಮೆರಿಕದ ಓದುಗರಿಗೆ ಪರಿಚಯಿಸಿದ್ದು ಅವರ ದೊಡ್ಡ ಕೊಡುಗೆ. 1966ರಲ್ಲಿ, ಷೇಕ್ಸ್‌ಪಿಯರ್ ವಾಲಾ ಚಿತ್ರದಲ್ಲಿ ನಟಿಸಿ ಹೆಸರಾಗಿದ್ದ ಮಧುರ್ ಜಾಫ್ರಿಯವರ ಬಗ್ಗೆ ಲೇಖನ ಬರೆದು, ಈ ನಟಿ ಒಳ್ಳೆಯ ಅಡುಗೆಯನ್ನೂ ಬಲ್ಲರೆಂದು ತಿಳಿಸಿದರು. ಜಾಫ್ರಿಯವರು 1973ರಲ್ಲಿ ತಮ್ಮ ಮೊದಲ ಭಾರತೀಯ ಅಡುಗೆ ಪುಸ್ತಕವನ್ನು ಪ್ರಕಟಿಸಿ ಆ ಕ್ಷೇತ್ರದ ಪ್ರಮುಖ ಲೇಖಕಿಯಾದರು. ಇಟಲಿಯ ಅಡುಗೆಗೆ ಮಾರ್ಚೆಲ್ಲಾ ಹಜಾನ್, ಮೆಕ್ಸಿಕೋದ ಅಡುಗೆಗೆ ಡಯಾನಾ ಕೆನಡಿ ಅವರಿಗೂ ಕ್ಲೈಬೋರ್ನರ ಬೆಂಬಲ ದೊರೆಯಿತು. ಚೀನಾದ ಅಡುಗೆಯ ಕುರಿತು ವರ್ಜೀನಿಯಾ ಲೀ ಅವರೊಡನೆ 1972ರಲ್ಲಿ ಪುಸ್ತಕವೊಂದನ್ನು ರಚಿಸಿದರು.

ರಾಜೀನಾಮೆ ಮತ್ತು ಮರುಸೇರ್ಪಡೆ

1970ರ ದಶಕದ ಆರಂಭದಲ್ಲಿ ಟೈಮ್ಸ್ ತೊರೆದು ಫ್ರಾನೆಯವರೊಡನೆ ಸ್ವಂತ ಸುದ್ದಿಪತ್ರ ಆರಂಭಿಸಿದರು. ಅದು ಆರ್ಥಿಕವಾಗಿ ನಿಲ್ಲಲಿಲ್ಲ. 1974ರಲ್ಲಿ ಪತ್ರಿಕೆಗೆ ಮರಳಿದಾಗ ವಿಮರ್ಶೆಯ ಹೊಣೆ ಅವರದಾಗಿರಲಿಲ್ಲ. ಲೇಖನಗಳಲ್ಲಿ ಫ್ರಾನೆಯವರ ಹೆಸರೂ ಕಾಣಿಸಿಕೊಳ್ಳತೊಡಗಿತು.

ನಾಲ್ಕು ಸಾವಿರ ಡಾಲರಿನ ಭೋಜನ

1975ರಲ್ಲಿ ಸಾರ್ವಜನಿಕ ದೂರದರ್ಶನ ವಾಹಿನಿಯೊಂದು ನಿಧಿ ಸಂಗ್ರಹಕ್ಕಾಗಿ ಹರಾಜು ನಡೆಸಿತು. ತನ್ನ ಕಾರ್ಡನ್ನು ಸ್ವೀಕರಿಸುವ ಜಗತ್ತಿನ ಯಾವುದೇ ರೆಸ್ಟೋರೆಂಟಿನಲ್ಲಿ ಇಬ್ಬರಿಗೆ, ಬೆಲೆಯ ಮಿತಿಯಿಲ್ಲದೆ ಊಟ ಕೊಡಿಸುವುದಾಗಿ ಅಮೆರಿಕನ್ ಎಕ್ಸ್‌ಪ್ರೆಸ್ ಕಂಪನಿ ಅದರಲ್ಲಿ ಹೇಳಿತ್ತು. ಕ್ಲೈಬೋರ್ನ್ 300 ಡಾಲರಿಗೆ ಅದನ್ನು ಕೂಗಿ ಪಡೆದರು. ಅವರೂ ಫ್ರಾನೆಯವರೂ ಪ್ಯಾರಿಸ್ಸಿನ ಷೆ ಡೆನಿ ರೆಸ್ಟೋರೆಂಟಿನಲ್ಲಿ 31 ಬಗೆಗಳ ಭೋಜನ ಸವಿದರು. ಬಿಲ್ ಬಂದದ್ದು 4,000 ಡಾಲರು. ಕೆಲವು ಬಗೆಗಳಲ್ಲಿ ಕುಂದನ್ನೂ ಎತ್ತಿ ಹೇಳಿದ ಅವರ ವರದಿ ನವೆಂಬರಿನಲ್ಲಿ ಮುಖಪುಟದಲ್ಲೇ ಬಂದಿತು.

ಆ ಹೊತ್ತಿಗೆ ನ್ಯೂಯಾರ್ಕ್ ನಗರಾಡಳಿತವು ದಿವಾಳಿಯ ಅಂಚಿನಲ್ಲಿತ್ತು. ಓದುಗರಿಂದ ನೂರಾರು ಪತ್ರಗಳು ಬಂದವು, ಹೆಚ್ಚಿನವು ಖಂಡನೆಯವು. ವ್ಯಾಟಿಕನ್ನಿನಿಂದಲೂ ಟೀಕೆ ಕೇಳಿಬಂದಿತು. ಆಹಾರ ಬರಹಗಾರ ಯಾರಿಗೆ ಉತ್ತರದಾಯಿ, ರುಚಿಗೋ ಹಸಿದವರಿಗೋ ಎಂಬುದು ಅಂದಿನ ಚರ್ಚೆಯ ತಿರುಳು. ಇನ್ನೊಂದು ಅಂಶ ಅಷ್ಟಾಗಿ ಗಮನ ಸೆಳೆಯಲಿಲ್ಲ: ಪತ್ರಿಕೆಯೇ ಹಣ ಕೊಡಬೇಕೆಂಬ ಕ್ರಮವನ್ನು ಊರ್ಜಿತಗೊಳಿಸಿದವರ ಅತಿ ಪ್ರಸಿದ್ಧ ಊಟದ ಬಿಲ್ಲನ್ನು ತೆತ್ತದ್ದು ಒಂದು ವಾಣಿಜ್ಯ ಸಂಸ್ಥೆ.

ಕೊನೆಯ ವರ್ಷಗಳು

ರಕ್ತದೊತ್ತಡದ ಕಾರಣ ಉಪ್ಪು ಕಡಿಮೆ ಮಾಡಬೇಕಾಗಿ ಬಂದಾಗ ಅದನ್ನೇ ವಿಷಯವಾಗಿಸಿ 1980ರಲ್ಲಿ ಪಥ್ಯದ ಅಡುಗೆಯ ಪುಸ್ತಕವನ್ನು ಫ್ರಾನೆಯವರೊಡನೆ ಬರೆದರು. 1982ರಲ್ಲಿ ಬಂದ ಆತ್ಮಕಥೆಯಲ್ಲಿ ಬಾಲ್ಯದ ನೋವುಗಳನ್ನೂ ತಾವು ಸಲಿಂಗಾನುರಾಗಿ ಎಂಬುದನ್ನೂ ಮುಚ್ಚುಮರೆಯಿಲ್ಲದೆ ಹೇಳಿಕೊಂಡರು. ದೊಡ್ಡ ಪತ್ರಿಕೆಯ ಹೆಸರಾಂತ ಬರಹಗಾರರೊಬ್ಬರು ಆ ದಿನಗಳಲ್ಲಿ ಹೀಗೆ ಬರೆಯುವುದು ವಿರಳವಾಗಿತ್ತು. 1987ರಲ್ಲಿ ದಕ್ಷಿಣದ ಅಡುಗೆಯ ಪುಸ್ತಕ ಪ್ರಕಟಿಸಿ ಹುಟ್ಟಿದ ನಾಡಿನ ರುಚಿಗೆ ಮರಳಿದರು. ಆರೋಗ್ಯ ಕೆಟ್ಟು, ಮದ್ಯದ ಅಭ್ಯಾಸವೂ ಹೆಚ್ಚಿ, ಕೊನೆಯ ವರ್ಷಗಳನ್ನು ಬಹುಮಟ್ಟಿಗೆ ಏಕಾಂಗಿಯಾಗಿ ಕಳೆದರು. 2000ದ ಜನವರಿ 22ರಂದು ನ್ಯೂಯಾರ್ಕಿನ ಮ್ಯಾನ್‌ಹಟನ್‌ನಲ್ಲಿ ತಮ್ಮ 79ನೆಯ ವಯಸ್ಸಿನಲ್ಲಿ ನಿಧನ ಹೊಂದಿದರು. ತಮ್ಮ ಆಸ್ತಿಯನ್ನು ಪಾಕಶಾಸ್ತ್ರ ಕಲಿಸುವ ಕಲಿನರಿ ಇನ್‌ಸ್ಟಿಟ್ಯೂಟ್ ಆಫ್ ಅಮೆರಿಕಾ ಸಂಸ್ಥೆಗೆ ಬಿಟ್ಟುಹೋದರು. ಥಾಮಸ್ ಮ್ಯಾಕ್‌ನಮೀ ಬರೆದ ಅವರ ಜೀವನಚರಿತ್ರೆ 2012ರಲ್ಲಿ ಪ್ರಕಟವಾಯಿತು.

ನಂತರದ ವಿಮರ್ಶಕರು

ಕ್ಲೈಬೋರ್ನ್ ಹಾಕಿದ ದಾರಿಯಲ್ಲಿ ಟೈಮ್ಸ್‌ನ ಮಿಮಿ ಶೆರಟನ್ ಹಾಗೂ 1993ರಲ್ಲಿ ವಿಮರ್ಶಕಿಯಾದ ರೂತ್ ರೈಶೆಲ್ ಅವರು ಗುರುತು ಮರೆಸಲು ವೇಷ ಬದಲಿಸಿ ಹೋಗುತ್ತಿದ್ದರು. ಗಣ್ಯರಿಗೆ ಸಿಗುವ ಉಪಚಾರಕ್ಕೂ ಸಾಮಾನ್ಯ ಗಿರಾಕಿಗೆ ಸಿಗುವ ಉಪಚಾರಕ್ಕೂ ಇರುವ ಅಂತರವನ್ನು ರೈಶೆಲ್ ತಮ್ಮ ವಿಮರ್ಶೆಯಲ್ಲೇ ತೋರಿಸಿದರು.

ಕರ್ನಾಟಕದಲ್ಲಿ ಊಟದ ಮನೆಗಳ ಕೀರ್ತಿ ಬಹುಕಾಲ ಬಾಯಿಂದ ಬಾಯಿಗೆ ಹರಡಿದ್ದು. 1924ರಲ್ಲಿ ಆರಂಭವಾದ ಸಂಸ್ಥೆಯಿಂದ ಬೆಳೆದ ಮಾವಳ್ಳಿ ಟಿಫಿನ್ ರೂಮ್ಸ್, 1943ರಿಂದ ಗಾಂಧಿ ಬಜಾರಿನಲ್ಲಿರುವ ವಿದ್ಯಾರ್ಥಿ ಭವನ ಮೊದಲಾದವು ಪತ್ರಿಕೆಯ ನಕ್ಷತ್ರಗಳ ನೆರವಿಲ್ಲದೆ ಹೆಸರಾದವು. ಬೆಂಗಳೂರಿನಲ್ಲಿ 2014ರಲ್ಲಿ ಹುಟ್ಟಿದ ಸ್ವಿಗ್ಗಿಯಂತಹ ಸೇವೆಗಳಲ್ಲಿ ಇಂದು ಗಿರಾಕಿಗಳೇ ಮೊಬೈಲಿನಲ್ಲಿ ನಕ್ಷತ್ರಗಳನ್ನು ಒತ್ತುತ್ತಾರೆ. ತನ್ನ ಹಣದಿಂದ ಉಂಡವನೇ ತೀರ್ಪು ಕೊಡುವುದು ಇಲ್ಲೂ ಉಳಿದಿದೆ. ಮತ್ತೆ ಮತ್ತೆ ಹೋಗಿ ನೋಡಬೇಕೆಂಬ ನಿಯಮ ಉಳಿದಿಲ್ಲ. 2025ರಲ್ಲಿ ಟೈಮ್ಸ್ ಪತ್ರಿಕೆಯು ಲಿಗಾಯಾ ಮಿಶಾನ್ ಮತ್ತು ತೇಜಲ್ ರಾವ್ ಅವರನ್ನು ಮುಖ್ಯ ವಿಮರ್ಶಕಿಯರಾಗಿ ನೇಮಿಸಿತು. ಅವರಿಬ್ಬರೂ ತಮ್ಮ ಮುಖವನ್ನು ಓದುಗರಿಂದ ಮರೆಮಾಚಲಿಲ್ಲ.